ನಕಾಶೆಯಿಂದ ಅಳಿಸಿಹೋದ ಬಂಡಿದಾರಿ: ಒಂದು ಪ್ರಕರಣ ಅಧ್ಯಯನ

ಹಳೇ ಮೈಸೂರು ಕಡೆಯ ಒಂದು ಊರಿನ ಪ್ರಕರಣ ಇದು. ಊರು, ತಾಲ್ಲೂಕು, ಕಚೇರಿ, ಕಂಪನಿ, ಜನ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಅಳತೆಗಳನ್ನು, ವರ್ಷಗಳನ್ನು ಬದಲಿಸಿದ್ದೇನೆ. ದಾಖಲೆ ಹುಡುಕಿ ಓದುವ ಕೆಲಸದಲ್ಲಿ ನಾನು ಊರಿನವರ ಜೊತೆಗಿದ್ದೆ. ಹಾಗಾಗಿ ಇದನ್ನು ಊರಿನ ಕಡೆ ನಿಂತು ಬರೆಯುತ್ತಿದ್ದೇನೆ ಅಂತಲೇ ಓದಿಕೊಳ್ಳಿ. ಇಂಥದ್ದೇ ಜಗಳ ಈಗ ದೊಡ್ಡ ಊರುಗಳ ಸುತ್ತಮುತ್ತ ಎಲ್ಲ ಕಡೆ ನಡೆಯುತ್ತಿದೆ. ಬೇರೆಯವರಿಗೆ ಉಪಯೋಗ ಆಗಲಿ ಅಂತ ಇಷ್ಟು ವಿವರವಾಗಿ ಬರೆದಿದ್ದೇನೆ.

ಹಿನ್ನೆಲೆ

ಊರಿನ ಮೂಡಲ ಕಡೆಯಿಂದ ಒಂದು ಬಂಡಿದಾರಿ ಹೊರಡುತ್ತದೆ. ಹೊಲಗಳ ನಡುವೆ ಹಾದು, ಕೆರೆ ಏರಿ ಮುಟ್ಟಿ, ಅಲ್ಲಿಂದ ಸ್ಮಶಾನದ ಪಕ್ಕದಲ್ಲೇ ಸಾಗಿ ಪಕ್ಕದ ಊರಿನ ಎಲ್ಲೆ ದಾಟುತ್ತದೆ. ಗ್ರಾಮ ನಕಾಶೆಯಲ್ಲಿ ಅದನ್ನು ಎರಡು ಸಾಲು ತುಂಡು ಗೆರೆಯಲ್ಲಿ ತೋರಿಸಿದ್ದಾರೆ. ಒಂದೇ ಸಾಲಿದ್ದರೆ ಕಾಲುದಾರಿ, ಎರಡು ಸಾಲಿದ್ದರೆ ಬಂಡಿದಾರಿ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಶುರುವಾದ ಕಂದಾಯ ಸರ್ವೆಯ ಕಾಲದ ಪದ್ಧತಿ ಇದು. ಇವತ್ತಿಗೂ ನಮ್ಮ ಹೊಲಗಳ ಲೆಕ್ಕವೆಲ್ಲ ನಿಂತಿರುವುದು ಆ ಸರ್ವೆಯ ಮೇಲೆ.

ಈ ದಾರಿಯನ್ನು ಬಳಸುತ್ತಿದ್ದವರು ಮೂರು ಬಗೆಯ ಜನ. ಕೆರೆ ಕೆಳಗೆ ಗದ್ದೆ ಇರುವ ರೈತರು, ಕುರಿ ದನ ಹೊಡೆದುಕೊಂಡು ಹೋಗುವವರು, ಮತ್ತೆ ಊರಾಚೆಯ ಕಾಲೊನಿಯ ಪರಿಶಿಷ್ಟ ಜಾತಿಯ ಕುಟುಂಬಗಳು. ಕಾಲೊನಿಯವರ ಸ್ಮಶಾನಕ್ಕೆ ಹೋಗಲು ಇದೊಂದೇ ನೇರ ದಾರಿ. ಹೆಣ ಹೊತ್ತುಕೊಂಡು ಹೋಗುವಾಗ ದೂರದ ಲೆಕ್ಕವೇ ಬೇರೆ ಅಲ್ವಾ?

ದಾರಿ ಹಾದುಹೋಗುವ ಸರ್ವೆ ನಂಬರುಗಳಲ್ಲಿ ಒಂದು ಹನ್ನೊಂದೂವರೆ ಎಕರೆ ಚಿಲ್ಲರೆಯದು. ಅದನ್ನು ಅಣ್ಣತಮ್ಮಂದಿರು ಬಹಳ ಹಿಂದೆಯೇ ಎರಡು ಹಿಸ್ಸಾ ಮಾಡಿಕೊಂಡಿದ್ದರು. ನಗರ ಹತ್ತಿರ ಬಂದಹಾಗೆ ಒಂದು ಕಂಪನಿ ಎರಡೂ ಹಿಸ್ಸಾ ಕೊಂಡಿತು. 2014ರಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕನ್ವರ್ಷನ್ ಆಯಿತು, ಅಂದರೆ ಸಾಗುವಳಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಅನುಮತಿ ಸಿಕ್ಕಿತು. ಐದು ವರ್ಷ ಜಮೀನು ಸುಮ್ನೆ ಬಿದ್ದಿತ್ತು, ಜನ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. 2019ರಲ್ಲಿ ಕಾಂಪೌಂಡ್ ಎದ್ದಿತು.

ಸಮಸ್ಯೆ

ಕಾಂಪೌಂಡ್ ಕಟ್ಟುವಾಗ ಊರಿನವರು ಹೋಗಿ ತಡೆದರು. ಕಂಪನಿಯ ಮ್ಯಾನೇಜರ್ ಗಲಾಟೆ ಮಾಡಲಿಲ್ಲ. ಫೈಲಿನಿಂದ ಒಂದು ನಕಾಶೆ ತೆಗೆದು ತೋರಿಸಿದರು. ಸೀಲು, ಸಹಿ ಎಲ್ಲ ಇದ್ದ ಸರ್ಕಾರಿ ನಕಾಶೆ. ಅದರಲ್ಲಿ ಈ ಸರ್ವೆ ನಂಬರಿನೊಳಗೆ ದಾರಿಯೇ ಇಲ್ಲ.

ಅಲ್ಲಿದ್ದ ಹಿರಿಯ ರೈತರೊಬ್ಬರು, "ನಮ್ಮ ತಾತ ಗಾಡಿ ಹೊಡೆದ ದಾರಿ ಸ್ವಾಮಿ ಇದು" ಅಂದರು. "ಇರಬಹುದು ಯಜಮಾನ್ರೇ, ಆದ್ರೆ ದಾಖಲೆಯಲ್ಲಿ ಇಲ್ವಲ್ಲ" ಅಂತ ಉತ್ತರ ಬಂತು. ಮುಂದಿನ ಐದು ವರ್ಷದ ಜಗಳವೆಲ್ಲ ಈ ಎರಡು ಮಾತಿನ ನಡುವೆಯೇ ನಡೆಯಿತು. ಒಂದು ಕಡೆ ನೆನಪು, ಇನ್ನೊಂದು ಕಡೆ ಕಾಗದ. ನೆನಪಿನ ಬಲದ ಮೇಲೆ ಗೆಲ್ಲಲು ಹೊರಟವರು ಮೊದಲ ಸುತ್ತಿನಲ್ಲಿ ಸೋತರು.

ಆ ಹೊಸ ನಕಾಶೆಯಲ್ಲಿ ಒಂದು ವಿಚಿತ್ರ ಇತ್ತು. ಆಗ ಯಾರೂ ಅದನ್ನು ಗಮನಿಸಲಿಲ್ಲ. ಎರಡು ಸಾಲು ಗೆರೆ ಊರಿನಿಂದ ಹೊರಟು ಈ ಸರ್ವೆ ನಂಬರಿನ ಪಶ್ಚಿಮದ ಎಲ್ಲೆಗೆ ಬಂದು ನಿಲ್ಲುತ್ತದೆ. ಪೂರ್ವದ ಎಲ್ಲೆಯಿಂದ ಮತ್ತೆ ಶುರುವಾಗಿ ಕೆರೆಗೆ ಹೋಗುತ್ತದೆ. ನಡುವೆ ಖಾಲಿ. ದಾರಿ ಇಡಿಯಾಗಿ ತಪ್ಪಾಗಿ ಬಿದ್ದಿದ್ದರೆ ಈ ತುದಿ, ಆ ತುದಿ ಎರಡೂ ಹೋಗಬೇಕಿತ್ತು. ಹೋಗಿದ್ದು ಒಬ್ಬರ ಜಮೀನಿನೊಳಗಿನ ತುಂಡು ಮಾತ್ರ.

ಮೊದಲು ಮಾಡಿದ್ದು

ಕೆರೆ ಕೆಳಗೆ ಗದ್ದೆ ಇದ್ದ ಇಬ್ಬರು ರೈತರು ಸಿವಿಲ್ ಕೋರ್ಟಿಗೆ ಹೋದರು. 1882ರ ಈಸ್‌ಮೆಂಟ್ (ಬೇರೆಯವರ ನೆಲದಲ್ಲಿ ಓಡಾಡುವಂಥ ಹಕ್ಕು) ಕಾಯ್ದೆಯ ಮೇಲೆ ದಾವೆ, ಜೊತೆಗೆ ಮಧ್ಯಂತರ ತಡೆಯಾಜ್ಞೆಗೆ ಅರ್ಜಿ. ನಮ್ಮ ಕಡೆ ದಾರಿ ಜಗಳ ಅಂದ ಕೂಡಲೇ ಎಲ್ಲರೂ ಹಿಡಿಯುವ ಹಾದಿ ಇದು. 13ನೇ ಕಲಂ ಪ್ರಕಾರ ಬೇರೆ ಗತಿಯೇ ಇಲ್ಲದಾಗ ಸಿಗುವ ಹಕ್ಕು, 15ನೇ ಕಲಂ ಪ್ರಕಾರ ಇಪ್ಪತ್ತು ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕಿನಿಂದ ಬಳಸಿ ಪಡೆಯುವ ಹಕ್ಕು. ಅವರ ದಾವೆಯಲ್ಲಿ ಎರಡನ್ನೂ ಹೇಳಿತ್ತು.

ಕಂಪನಿಯ ವಕೀಲರು ಹೊಸದಾಗಿ ಟಾರು ಹಾಕಿದ ರಸ್ತೆಯ ಫೋಟೊ ಇಟ್ಟರು. ಸುತ್ತು ಹಾಕಿಕೊಂಡು ಹೋದರೆ ಆ ರಸ್ತೆಯಿಂದಲೂ ಗದ್ದೆ ಮುಟ್ಟಬಹುದು. ಬೇರೆ ದಾರಿ ಇದೆ ಅಂದಮೇಲೆ 13ನೇ ಕಲಂ ನಿಲ್ಲುವುದಿಲ್ಲ. ಇಪ್ಪತ್ತು ವರ್ಷದ ಬಳಕೆ ಸಾಕ್ಷಿ ವಿಚಾರಣೆಯಲ್ಲಿ ತೀರ್ಮಾನ ಆಗಬೇಕಾದ ವಿಷಯ ಅಂತ ಕೋರ್ಟ್ ಹೇಳಿತು. ತಡೆಯಾಜ್ಞೆ ಸಿಗಲಿಲ್ಲ.

ಅರ್ಜಿ ವಜಾ ಆಗಿದ್ದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಈಸ್‌ಮೆಂಟ್ ಅಂತ ಕೇಳಿದರೆ ಈ ನೆಲ ಎದುರು ಕಡೆಯವರದು ಅಂತ ನಾವೇ ಒಪ್ಪಿಕೊಂಡಹಾಗೆ. ನಿಮ್ಮ ಹೊಲದಲ್ಲಿ ನನಗೆ ಓಡಾಡುವ ಹಕ್ಕು ಕೊಡಿ ಅನ್ನುವುದು ಈಸ್‌ಮೆಂಟ್. ಇದು ನಿಮ್ಮ ಹೊಲವೇ ಅಲ್ಲ, ಸರ್ಕಾರದ ದಾರಿ ಅನ್ನುವುದು ಬೇರೆಯದೇ ವಾದ. ಭೂಕಂದಾಯ ಕಾಯ್ದೆಯ 67ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಖಾಸಗಿಯವರದಲ್ಲದ ಎಲ್ಲ ಸಾರ್ವಜನಿಕ ರಸ್ತೆ, ಬೀದಿ, ಓಣಿ, ದಾರಿಗಳು ರಾಜ್ಯ ಸರ್ಕಾರದ ಸ್ವತ್ತು. ದಾವೆಯಲ್ಲಿ ಈ ಮಾತು ಒಂದು ಸಾಲಿನಲ್ಲೂ ಇರಲಿಲ್ಲ.

ಇದರ ಜೊತೆಗೇ ತಹಶೀಲ್ದಾರರಿಗೂ ಅರ್ಜಿ ಹೋಗಿತ್ತು. ಕಂದಾಯ ನಿರೀಕ್ಷಕರು ಬಂದು ಸ್ಥಳ ಮಹಜರು ಮಾಡಿದರು. ಅಷ್ಟರಲ್ಲಿ ಜಮೀನನ್ನು ಜೆಸಿಬಿಯಿಂದ ಮಟ್ಟ ಮಾಡಿ ಆಗಿತ್ತು. 'ಸ್ಥಳದಲ್ಲಿ ದಾರಿಯ ಕುರುಹು ಕಂಡುಬರುವುದಿಲ್ಲ' ಅಂತ ಮಹಜರಿನಲ್ಲಿ ಬರೆದರು. ಕಂಡದ್ದನ್ನು ಬರೆದಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಸಾಲನ್ನು ಕಂಪನಿ ಮುಂದೆ ಎಲ್ಲ ಕಡೆ ಬಳಸಿಕೊಂಡಿತು. ಮಣ್ಣು ಮಟ್ಟ ಮಾಡುವ ಮೊದಲ ದಿನವೇ ಫೋಟೊ ತೆಗೆದು, ಪಂಚಾಯಿತಿ ಕಡೆಯಿಂದ ಪತ್ರ ಬರೆಸಿದ್ದರೆ ಈ ಮಹಜರಿಗೆ ಉತ್ತರ ಕೈಯಲ್ಲೇ ಇರುತ್ತಿತ್ತು.

ಪ್ರಶ್ನೆ ತಿರುಗಿದ್ದು

ಅಲ್ಲಿಯವರೆಗೆ ಎಲ್ಲರೂ ಕೇಳುತ್ತಿದ್ದುದು, ದಾರಿ ಇತ್ತು ಅಂತ ಹೇಗೆ ತೋರಿಸೋದು ಅಂತ. ಒಂದು ಸಂಜೆ ಪಂಚಾಯಿತಿ ಕಟ್ಟೆಯಲ್ಲಿ ಮಾತಾಡುವಾಗ ನಿವೃತ್ತ ಸರ್ವೆಯರ್ ಒಬ್ಬರು ಬೇರೆಯದೇ ಕೇಳಿದರು. "ಹಳೇ ನಕಾಶೆಯಲ್ಲಿ ಇದ್ದದ್ದು ಹೊಸದರಲ್ಲಿ ಇಲ್ಲ ಅಂದ್ರೆ, ಮಧ್ಯ ಒಂದು ಆರ್ಡರ್ ಇರಲೇಬೇಕು. ಅದನ್ನ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಈ ಪ್ರಕರಣದ ನಿಜವಾದ ತಿರುವು ಇದು ಅಂತ ನನ್ನ ಅಭಿಪ್ರಾಯ.

ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 83ನೇ ಕಲಂ ಪ್ರಕಾರ ಸರ್ಕಾರದ ಅಧಿಕಾರದಿಂದ ತಯಾರಾದ ನಕಾಶೆ ಸರಿಯಾಗಿದೆ ಅಂತ ಕೋರ್ಟ್ ಭಾವಿಸಬೇಕಿತ್ತು. ಊರಿನವರು ಇದನ್ನು ಹಳೇ ನಕಾಶೆಗೆ ಹೇಳಿದರೆ ಕಂಪನಿ ಅದನ್ನೇ ಹೊಸ ನಕಾಶೆಗೆ ಹೇಳುತ್ತದೆ. ಎರಡೂ ಸರ್ಕಾರಿ ನಕಾಶೆಗಳೇ. ನಕಾಶೆಗೆ ನಕಾಶೆ ಎದುರಿಟ್ಟರೆ ತೀರ್ಮಾನವೇ ಆಗುವುದಿಲ್ಲ. ಒಂದು ಇನ್ನೊಂದಾಗಿದ್ದು ಹೇಗೆ, ಮಾಡಿದವರಿಗೆ ಆ ಅಧಿಕಾರ ಇತ್ತಾ ಅಂತ ಕೇಳಿದಾಗ ಮಾತ್ರ ದಾರಿ ಕಾಣುತ್ತದೆ. ಹಾಗೆ ಕೇಳಿದಾಗ ಉತ್ತರ ಕೊಡುವ ಹೊಣೆ ಅಳಿಸಿದವರ ಮೇಲೆ ಬೀಳುತ್ತದೆ. ನೂರು ವರ್ಷದಿಂದ ಓಡಾಡಿದವರ ಮೇಲಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಡತ ತೆಗೆಸಿದೆವು. 2016ರಲ್ಲಿ ಒಂದು ನಕಾಶೆ ತಿದ್ದುಪಡಿ ಅರ್ಜಿ ಬಂದಿತ್ತು. ಹಿಸ್ಸಾ ನಕ್ಷೆಯಲ್ಲಿ ದಾರಿ ಇಲ್ಲ, ಸ್ಥಳದಲ್ಲೂ ಬಳಕೆ ಇಲ್ಲ, ಗ್ರಾಮ ನಕಾಶೆಯಲ್ಲಿ ಕೈತಪ್ಪಿನಿಂದ ಬಿದ್ದಿದೆ, ಸರಿಪಡಿಸಿ ಅಂತ ಅದರಲ್ಲಿತ್ತು. ತಾಲ್ಲೂಕು ಮಟ್ಟದಲ್ಲೇ ಆದೇಶ ಆಗಿತ್ತು, ಒಂದೂವರೆ ಪುಟದ್ದು. 'ಬಾಜುದಾರರಿಗೆ ನೋಟಿಸ್ ನೀಡಲಾಗಿದ್ದು ತಕರಾರು ಇರುವುದಿಲ್ಲ' ಅಂತ ಬರೆದಿದ್ದರು. ಬಾಜುದಾರರು, ಅಂದರೆ ಅಕ್ಕಪಕ್ಕದ ಜಮೀನಿನವರು, ಯಾರು ಅಂತ ನೋಡಿದರೆ, ಕಂಪನಿಗೆ ಜಮೀನು ಮಾರಿದ ಮನೆಯವರೇ. ಗ್ರಾಮ ಪಂಚಾಯಿತಿಗೆ ನೋಟಿಸ್ ಇಲ್ಲ. ಚಾವಡಿಯಲ್ಲಿ ಅಂಟಿಸಿಲ್ಲ. ಊರಿನಲ್ಲಿ ಡಂಗುರ ಇಲ್ಲ. ತಿದ್ದುಪಡಿ ಕೇಳಿದವರನ್ನೂ ಅವರ ಕಡೆಯವರನ್ನೂ ಬಿಟ್ಟರೆ ಯಾರಿಗೂ ವಿಷಯವೇ ಗೊತ್ತಿಲ್ಲ.

ಸಾರ್ವಜನಿಕ ದಾರಿಯನ್ನು ತೆಗೆಯಬಾರದು ಅಂತ ಕಾಯ್ದೆ ಹೇಳುವುದಿಲ್ಲ. ತೆಗೆಯಲು 68ನೇ ಕಲಂ ಇದೆ. ಆ ದಾರಿ ಜನರಿಗೆ ಬೇಡವಾಗಿದ್ದರೆ ಹಕ್ಕು ಕೊನೆಗೊಳಿಸುವ ಉದ್ದೇಶವನ್ನು ಘೋಷಿಸಬೇಕು, ಊರಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು, ಬಂದ ಆಕ್ಷೇಪಣೆ ಕೇಳಬೇಕು, ಹಕ್ಕು ಕಳೆದುಕೊಂಡವರ ಪರಿಹಾರ ನೋಡಬೇಕು. ಉದ್ದದ ಹಾದಿ, ಆದರೆ ಬೇಕಂತಲೇ ಉದ್ದ ಮಾಡಿರುವ ಹಾದಿ. ಒಂದು ಊರಿನ ಎಲ್ಲರ ಸ್ವತ್ತು ಒಬ್ಬರದಾಗುವಾಗ ಆ ಊರಿಗೆ ಗೊತ್ತಾಗಲೇಬೇಕು. ಇಲ್ಲಿ ಅದನ್ನೆಲ್ಲ ಬಿಟ್ಟು 'ತಪ್ಪು ತಿದ್ದುಪಡಿ' ಅಂತ ಒಂದು ಹೆಸರು ಕೊಟ್ಟು ದಾರಿ ತೆಗೆದಿದ್ದರು.

ಏಳು ಗುಂಟೆ

ಆದರೆ ಎದುರು ಕಡೆಯವರಿಗೂ ಒಂದು ವಾದ ಉಳಿದಿತ್ತು. ನಕಾಶೆಯಲ್ಲಿ ನಿಜವಾಗಲೂ ತಪ್ಪು ಬಿದ್ದಿದ್ದರೆ ಅದನ್ನು ತಿದ್ದುವುದಕ್ಕೆ 68ನೇ ಕಲಂ ಬೇಕಿಲ್ಲ, ಇಲ್ಲದ ದಾರಿಯನ್ನು ತೆಗೆಯುವುದೆಂದರೇನು ಅಂತ ಅವರು ಕೇಳಬಹುದಿತ್ತು, ಕೇಳಿದರು ಕೂಡ. ಆದ್ದರಿಂದ ಹಳೇ ದಾಖಲೆಗೆ ಹೋಗಲೇಬೇಕಾಯಿತು.

ಗ್ರಾಮ ನಕಾಶೆ ಸಾಮಾನ್ಯವಾಗಿ 1:7920 ಅಳತೆಯದು. ಹದಿನಾರೂವರೆ ಅಡಿ ಅಗಲದ ದಾರಿ ಅದರಲ್ಲಿ ಮುಕ್ಕಾಲು ಮಿಲಿಮೀಟರ್ ಕೂಡ ಆಗುವುದಿಲ್ಲ. ಅದನ್ನು ನೋಡಿ ದಾರಿ ಇದೆ ಅಂತ ಹೇಳಬಹುದು, ಅಗಲ ಎಷ್ಟು ಅಂತ ಹೇಳಲಾಗದು. ಅದಕ್ಕೆ ಟಿಪ್ಪಣಿ ಬೇಕು. ಟಿಪ್ಪಣಿ ಅಂದರೆ ಸರ್ವೆಯರ್ ಹೊಲದಲ್ಲೇ ನಿಂತು ಅಳೆದು ಬರೆದ ಚಿತ್ರ. ಕಂಪನಿ ಕೊಟ್ಟಿದ್ದು ಹಿಸ್ಸಾ ಪಾಲಿನ ಕಾಲದ ನಕ್ಷೆ. ಅದರಲ್ಲಿ ಅಣ್ಣತಮ್ಮಂದಿರ ಪಾಲಿನ ಗೆರೆ ಮಾತ್ರ ಇತ್ತು. ನಾವು ಕೇಳಿದ್ದು ಮೂಲ ಟಿಪ್ಪಣಿಯ ದೃಢೀಕೃತ ನಕಲು.

ಸಿಕ್ಕ ಹಾಳೆಯ ಮೂಲೆಗಳು ಉದುರಿದ್ದವು. ಆದರೂ ಶಾಯಿ ಚೆನ್ನಾಗಿ ಓದಲು ಬರುತ್ತಿತ್ತು. ಹೊಲದ ಪಶ್ಚಿಮದಿಂದ ಪೂರ್ವಕ್ಕೆ ಎರಡು ಗೆರೆ, ನಡುವೆ 'ಬಂಡಿ ದಾರಿ' ಅಂತ ಕೈಬರಹ, ಪಕ್ಕದಲ್ಲಿ ಅಳತೆ. ಉದ್ದ 14 ಚೈನು, ಅಗಲ 8 ಆಣೆ.

ಈ ಅಳತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಸರ್ವೆಯ ಒಂದು ಚೈನು ಅಂದರೆ 33 ಅಡಿ. ಅದಕ್ಕೆ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ಜಾಗ ಒಂದು ಗುಂಟೆ. ಎಂಟಾಣೆ ಅಂದರೆ ಅರ್ಧ ಚೈನು, ಹದಿನಾರೂವರೆ ಅಡಿ. ಹದಿನಾಲ್ಕು ಚೈನು ಉದ್ದಕ್ಕೆ ಅರ್ಧ ಚೈನು ಅಗಲ ಗುಣಿಸಿದರೆ ಏಳು ಗುಂಟೆ.

ಆಮೇಲೆ ಆಕಾರ್‌ಬಂದ್ ತೆಗೆದೆವು. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಪುಸ್ತಕ ಅದು. ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 11 ಎಕರೆ 27 ಗುಂಟೆ. ಸಾಗುವಳಿ 11 ಎಕರೆ 20 ಗುಂಟೆ. 'ಬ' ಖರಾಬು 7 ಗುಂಟೆ.

ಲೆಕ್ಕ ಒಂದು ಗುಂಟೆಯೂ ಹೆಚ್ಚುಕಮ್ಮಿ ಇಲ್ಲದೆ ಕೂಡಿಬಂತು. ಕೋಣೆಯಲ್ಲಿ ಕೂತಿದ್ದವರೆಲ್ಲ ಒಂದು ಕ್ಷಣ ಮಾತೇ ಆಡಲಿಲ್ಲ. ಖರಾಬು ಅಂದರೆ ಕಂದಾಯ ಹಾಕದೆ ಬಿಟ್ಟ ಜಾಗ, ಅದರಲ್ಲಿ ಎರಡು ಬಗೆ. ಸಾಗುವಳಿಗೆ ಬಾರದ ಜಾಗ, ರೈತನ ಕಣ, ಹೊಲದ ಕಟ್ಟಡ ಇಂಥವು 'ಅ' ಖರಾಬು. ರಸ್ತೆ, ದಾರಿ, ಹಳ್ಳ, ಕೆರೆ, ಸ್ಮಶಾನ ಹೀಗೆ ಜನರ ಬಳಕೆಗೆ ಬಿಟ್ಟದ್ದು 'ಬ' ಖರಾಬು. 1966ರ ಭೂಕಂದಾಯ ನಿಯಮಗಳ 21ನೇ ನಿಯಮದಲ್ಲಿ ಈ ವಿಂಗಡಣೆ ಇದೆ. 'ಬ' ಖರಾಬಿಗೆ ಕಂದಾಯ ಕಟ್ಟುವಂತಿಲ್ಲ, ಅದು ಹಿಡುವಳಿದಾರರ ಪಾಲಿಗೂ ಬರುವುದಿಲ್ಲ. ಗೆರೆ ಕೈತಪ್ಪಿನಿಂದ ಬಿದ್ದಿರಬಹುದು. ಆದರೆ ಗೆರೆಯ ಅಳತೆ ಹಾಕಿ, ಅಷ್ಟೇ ಜಾಗವನ್ನು ಕಂದಾಯದಿಂದ ಕಳೆದು, ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದು ಕೈತಪ್ಪು ಅಲ್ಲ.

ಇನ್ನೂ ಎರಡು ಕಾಗದ ಸಿಕ್ಕವು. ಒಂದು, ಕಂಪನಿಗೆ ಮಾರಿದವರ ಮನೆಯ ಹಳೇ ವಿಭಾಗಪತ್ರ. ಅದರ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಒಂದು ಹಿಸ್ಸಾಕ್ಕೆ 'ಉತ್ತರಕ್ಕೆ ಬಂಡಿದಾರಿ', ಇನ್ನೊಂದಕ್ಕೆ 'ದಕ್ಷಿಣಕ್ಕೆ ಬಂಡಿದಾರಿ' ಅಂತ ಇತ್ತು. ಎರಡು ಪಾಲಿನ ನಡುವಿನ ಗಡಿಯೇ ಆ ದಾರಿ. ಎರಡನೆಯದು ಗ್ರಾಮ ಪಂಚಾಯಿತಿಯ ಕಡತ. ಉದ್ಯೋಗ ಖಾತ್ರಿಯಲ್ಲಿ ಈ ದಾರಿಗೆ ಒಮ್ಮೆ ಗ್ರಾವೆಲ್ ಹಾಕಿಸಿದ್ದರು, ಅಳತೆ ಪುಸ್ತಕದಲ್ಲಿ ಕೆಲಸದ ಅಳತೆ ಇತ್ತು. ಸರ್ಕಾರದ ದುಡ್ಡು ಖಾಸಗಿ ಹೊಲಕ್ಕೆ ಸುಮ್ನೆ ಬರುತ್ತದೆಯೇ?

ಕಂಪನಿಯ ಕ್ರಯಪತ್ರದಲ್ಲೂ ದುಡ್ಡಿನ ಲೆಕ್ಕ ಹಾಕಿದ್ದು 11 ಎಕರೆ 20 ಗುಂಟೆಗೆ. ಕನ್ವರ್ಷನ್ ಆಗಿದ್ದು 11 ಎಕರೆ 27 ಗುಂಟೆಗೆ.

ಯಾರು ಕೇಳಬೇಕು ಅನ್ನುವ ಪ್ರಶ್ನೆ

ಕಾಗದ ಕೈಗೆ ಬಂದಮೇಲೆ ಊರಿನಲ್ಲೇ ಒಂದು ಚರ್ಚೆ ಎದ್ದಿತು. ಮೊದಲ ದಾವೆಯಲ್ಲಿ ಇದ್ದದ್ದು ಜಮೀನಿರುವ ಇಬ್ಬರ ಹೆಸರು. ತಹಶೀಲ್ದಾರರ ಅರ್ಜಿಗೆ ಸಹಿ ಹಾಕಿದವರೂ ಬಹುತೇಕ ಅವರ ಕಡೆಯವರೇ. ಕಾಲೊನಿಯವರನ್ನು ಯಾರೂ ಕರೆದಿರಲಿಲ್ಲ. ಅವರೂ ತಾವಾಗಿ ಬಂದಿರಲಿಲ್ಲ. 'ಗದ್ದೆಯವರ ಜಗಳ' ಅಂತ ಬಿಟ್ಟಿದ್ದರು. ಹೀಗೆ ದಾರಿ ಎಲ್ಲರದು ಅನ್ನುವುದು ದಾಖಲೆಯಲ್ಲಿತ್ತು, ಕೇಸಿನಲ್ಲಿ ಇರಲಿಲ್ಲ.

ಕಾಲೊನಿಯ ಮಹಿಳಾ ಸಂಘದವರ ಜೊತೆ ಕೂತು ಮಾತಾಡಿದ ಮೇಲೆ ಚಿತ್ರ ಬದಲಾಯಿತು. ಕಾಂಪೌಂಡ್ ಎದ್ದಮೇಲೆ ಅವರು ಹೆಣವನ್ನು ಹಳ್ಳದ ಕಡೆಯಿಂದ ಸುತ್ತು ಹಾಕಿ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಹಳ್ಳದಲ್ಲಿ ಮೊಣಕಾಲು ನೀರು. ಇದನ್ನು ಅವರು ಯಾವ ಕಚೇರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಗದ್ದೆಗೆ ಟಾರು ರಸ್ತೆಯಿಂದ ಹೋಗಬಹುದು ಅನ್ನುವ ಕಂಪನಿಯ ವಾದಕ್ಕೆ ಸ್ಮಶಾನದ ವಿಷಯದಲ್ಲಿ ಉತ್ತರವೇ ಇರಲಿಲ್ಲ.

ಅಲ್ಲಿಂದ ಎರಡು ತೀರ್ಮಾನ ಆದವು. ಹಳೇ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ ಪ್ರಕಾರ, ಹೊಸದಾಗಿ ಹೂಡುವ ಅನುಮತಿ ಉಳಿಸಿಕೊಂಡು ವಾಪಸ್ ತೆಗೆದುಕೊಳ್ಳುವುದು. ಇದಕ್ಕೆ ಆ ಇಬ್ಬರು ರೈತರು ಸುಲಭವಾಗಿ ಒಪ್ಪಲಿಲ್ಲ. ಖರ್ಚು ಮಾಡಿದ್ದರು, ವಾಪಸ್ ತೆಗೆದರೆ ಸೋತಂತೆ ಅಂತ ಅವರ ನೋವು. ವಿಚಾರಣೆ ಮುಗಿದು ಈಸ್‌ಮೆಂಟ್ ಇಲ್ಲ ಅಂತ ತೀರ್ಪು ಬಂದರೆ ಮುಂದೆ ಎಲ್ಲರಿಗೂ ತೊಡಕು ಅಂತ ವಕೀಲರು ತಿಳಿಸಿ ಹೇಳಿದರು. ಕೋರ್ಟ್ ಅನುಮತಿ ಕೊಟ್ಟಿತು.

ಎರಡನೆಯದು, 2016ರ ಆದೇಶದ ಮೇಲೆ ಸರ್ವೆ ಇಲಾಖೆಯ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕುವುದು. ವರ್ಷಗಳು ಕಳೆದಿದ್ದರಿಂದ ಜೊತೆಗೆ ವಿಳಂಬ ಮನ್ನಾ ಅರ್ಜಿ. ನೋಟಿಸೇ ಕೊಡದ ಆದೇಶದ ಬಗ್ಗೆ ಗೊತ್ತಾದ ದಿನದಿಂದ ಕಾಲಮಿತಿ ಎಣಿಸಬೇಕು ಅನ್ನುವುದು ವಾದ. ಮಾಹಿತಿ ಹಕ್ಕಿನಲ್ಲಿ ಆದೇಶದ ನಕಲು ಕೈಗೆ ಬಂದ ದಿನಾಂಕ ಲಕೋಟೆಯ ಮೇಲಿತ್ತು. ಆ ಲಕೋಟೆಯನ್ನು ಎಸೆಯದೆ ಇಟ್ಟುಕೊಂಡಿದ್ದು ಬಹಳ ಉಪಯೋಗಕ್ಕೆ ಬಂತು. ಮೇಲ್ಮನವಿಯಲ್ಲಿ ಗ್ರಾಮ ಪಂಚಾಯಿತಿಯೂ ಸೇರಿತು, ರೈತರು, ಕುರಿಗಾಹಿಗಳು, ಕಾಲೊನಿಯವರು ಎಲ್ಲರೂ ಸೇರಿದರು.

ನಡುವೆ ಬಂದ ರಾಜಿ

ಮೇಲ್ಮನವಿ ನಡೆಯುತ್ತಿರುವಾಗ ಕಂಪನಿ ರಾಜಿಗೆ ಬಂತು. ಜಮೀನಿನ ಉತ್ತರದ ಅಂಚಿನಲ್ಲಿ ಹತ್ತು ಅಡಿ ದಾರಿ ಬಿಡುತ್ತೇವೆ, ಊರಿನ ದೇವಸ್ಥಾನಕ್ಕೆ ಚಾವಣಿಯನ್ನೂ ಹಾಕಿಸುತ್ತೇವೆ ಅಂದರು. ಊರಲ್ಲಿ ಅರ್ಧ ಜನ ಒಪ್ಪಿದರು. ಯಾಕೆ ಒಪ್ಪಬಾರದು? ವರ್ಷಗಟ್ಟಲೆ ಕಚೇರಿ ಅಲೆದಿದ್ದರು, ದಣಿದಿದ್ದರು.

ಸಭೆಯಲ್ಲಿ ಕಾಲೊನಿಯ ಒಬ್ಬ ಹೆಂಗಸು ಎದ್ದು ನಿಂತು ಕೇಳಿದರು. "ಆ ದಾರಿಗೆ ಗೇಟ್ ಇರ್ತದಾ ಅಣ್ಣ? ಇದ್ರೆ ಬೀಗದ ಕೈ ಯಾರ ಹತ್ರ ಇರ್ತದೆ?"

ಕಂಪನಿಯವರು ಭದ್ರತೆಗೆ ಗೇಟ್ ಇರುತ್ತದೆ, ವಾಚ್‌ಮನ್ ತೆಗೆಯುತ್ತಾನೆ ಅಂದರು. ಅಲ್ಲಿಗೆ ಮಾತು ಮುಗಿಯಿತು. ವಾಚ್‌ಮನ್ ತೆಗೆದರೆ ಹೋಗುವ ದಾರಿ ಉಪಕಾರದ್ದು. ಹಕ್ಕಿನದಲ್ಲ. ಹತ್ತು ಅಡಿಯಲ್ಲಿ ಎದುರುಬದುರು ಟ್ರ್ಯಾಕ್ಟರ್ ಬಂದರೆ ಒಂದು ಹಿಂದಕ್ಕೆ ಹೋಗಬೇಕು. ಉತ್ತರದ ಅಂಚು ಹಳ್ಳಕ್ಕೆ ಇಳಿಯುತ್ತದೆ, ಅಲ್ಲಿ ಮೋರಿ ಕಟ್ಟುವ ಮಾತು ರಾಜಿ ಪತ್ರದಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯ, ಊರಿನ ಹತ್ತು ಜನ ಸಹಿ ಹಾಕಿ ಸಾರ್ವಜನಿಕ ದಾರಿಯನ್ನು ಅದಲುಬದಲು ಮಾಡಲು ಬರುವುದಿಲ್ಲ. ಅದಕ್ಕೂ 68ನೇ ಕಲಂ ಹಾದಿಯೇ ಬೇಕು.

ರಾಜಿ ಬೇಡ ಅಂದದ್ದು ಸರಿ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಅದರಿಂದ ಊರಿನಲ್ಲಿ ಮನಸ್ತಾಪ ಆದದ್ದೂ ನಿಜ. ಚಾವಣಿ ತಪ್ಪಿತು ಅಂತ ಕೆಲವರು ಇಂದಿಗೂ ಆಡಿಕೊಳ್ಳುತ್ತಾರೆ.

ಏನಾಯಿತು

2022ರಲ್ಲಿ ಮೇಲ್ಮನವಿ ಆದೇಶ ಬಂತು. ವಿಳಂಬ ಮನ್ನಾ ಆಯಿತು. ಮೂಲ ಟಿಪ್ಪಣಿ, ಆಕಾರ್‌ಬಂದ್, ಚೆಕ್ಕುಬಂದಿ ಮೂರೂ ಹೊಂದುತ್ತವೆ, ಹಾಗಾಗಿ ಇದು ತಪ್ಪು ತಿದ್ದುಪಡಿ ಅಲ್ಲ, ದಾರಿಯನ್ನೇ ರದ್ದು ಮಾಡಿದ ಕ್ರಮ, ಅದನ್ನು ಮಾಡಲು ಆ ಹಂತದ ಕಚೇರಿಗೆ ಅಧಿಕಾರ ಇಲ್ಲ ಅಂತ ಅಧಿಕಾರಿ ಬರೆದರು. 2016ರ ಆದೇಶ ರದ್ದಾಯಿತು. ನಕಾಶೆಯನ್ನು ಮೊದಲಿದ್ದಂತೆ ಮಾಡಲು ಸೂಚನೆ ಹೋಯಿತು.

ಆದೇಶ ಬಂದ ಮಾತ್ರಕ್ಕೆ ಕಾಂಪೌಂಡ್ ಬೀಳಲಿಲ್ಲ. ಕಂಪನಿ ಹೈಕೋರ್ಟಿಗೆ ಹೋಯಿತು. ಕಚೇರಿಯಿಂದ ಕಚೇರಿಗೆ ಪತ್ರ ಓಡಾಡಿತು. 2023ರಲ್ಲಿ ಕಂದಾಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಗ್ರಾಮ ನಕಾಶೆಯಲ್ಲಿ ಇರುವ ದಾರಿಗಳನ್ನು ಮುಚ್ಚಿದ್ದರೆ ತೆರವು ಮಾಡಿಸಿ ಅಂತ ತಹಶೀಲ್ದಾರರಿಗೆ ಹೇಳಿತು. ನಕಾಶೆ ಅಷ್ಟರಲ್ಲಿ ಸರಿಯಾಗಿದ್ದರಿಂದ ಆ ಸುತ್ತೋಲೆ ನಮಗೆ ಕೆಲಸಕ್ಕೆ ಬಂತು. ನಕಾಶೆ ಸರಿಯಾಗದೆ ಇದ್ದಿದ್ದರೆ ಅದೇ ಸುತ್ತೋಲೆ ನಮಗೆ ಅಡ್ಡ ಬರುತ್ತಿತ್ತು. ನಕಾಶೆಯಲ್ಲಿ ಇಲ್ಲದ ದಾರಿಯನ್ನು ತೆರವು ಮಾಡಿಸಿ ಅಂತ ಯಾರು ಹೇಳುತ್ತಾರೆ?

ಕೊನೆಗೆ ಒತ್ತಡ ಬಂದದ್ದು ಬೇರೆ ಕಡೆಯಿಂದ. ಏಳು ಗುಂಟೆ ಸರ್ಕಾರದ್ದು ಅಂತ ಆದಮೇಲೆ ಲೇಔಟ್ ನಕ್ಷೆಗೆ ಮಂಜೂರಾತಿ ನಿಂತಿತು. ಸೈಟು ಮಾರಾಟ ನಿಂತಿತು. ಆಗ ಕಂಪನಿ ನಕ್ಷೆ ತಿದ್ದಿ, ಹಳೇ ಬಂಡಿದಾರಿಯ ಜಾಗದಲ್ಲೇ ಮೂವತ್ತು ಅಡಿ ರಸ್ತೆ ತೋರಿಸಿತು. ತನ್ನ ಕಡೆಯಿಂದ ಹದಿಮೂರೂವರೆ ಅಡಿ ಸೇರಿಸಿ ಬಿಟ್ಟುಕೊಟ್ಟಿತು. ಹೈಕೋರ್ಟಿನಲ್ಲಿದ್ದ ಅದರ ರಿಟ್ ಅರ್ಜಿ ಆ ಒಪ್ಪಿಗೆಯ ಮೇಲೆ ಮುಗಿಯಿತು. 2024ರಲ್ಲಿ ಸರ್ವೆಯರ್ ಬಂದು ಎರಡೂ ಬದಿಗೆ ಕಲ್ಲು ನೆಟ್ಟರು.

ಇದರಲ್ಲಿ ಪೆಟ್ಟು ತಿಂದವರು ಇನ್ನಿಬ್ಬರು ಇದ್ದಾರೆ. ಕಂಪನಿಯ ಮೊದಲಿನ ಲೇಔಟ್ ನಕ್ಷೆ ನಂಬಿ ಸರಿಯಾಗಿ ದಾರಿಯ ಮೇಲೆಯೇ ಸೈಟು ಕೊಂಡವರು. ಒಬ್ಬರು ಶಾಲೆ ಮೇಷ್ಟ್ರು, ಸಾಲ ಮಾಡಿ ಕೊಂಡಿದ್ದರು. ವಕೀಲರಿಗೆ ತೋರಿಸಿದ್ದರು, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದರು, ಕನ್ವರ್ಷನ್ ಆದೇಶ ನೋಡಿದ್ದರು. ಎಲ್ಲವೂ ಸರಿಯಾಗಿತ್ತು. ಆಕಾರ್‌ಬಂದ್ ಒಂದನ್ನು ಯಾರೂ ತೆಗೆದು ನೋಡಿರಲಿಲ್ಲ. ಕನ್ವರ್ಷನ್ ಆದೇಶದ ವಿಸ್ತೀರ್ಣದ ಪಕ್ಕ ಆಕಾರ್‌ಬಂದ್‌ನ ಸಾಗುವಳಿ ವಿಸ್ತೀರ್ಣ ಇಟ್ಟಿದ್ದರೆ ಆ ಏಳು ಗುಂಟೆ ಅಂದೇ ಕಾಣುತ್ತಿತ್ತು. ಕಂಪನಿ ಬಹಳ ತಗಾದೆಯ ನಂತರ ಅವರಿಬ್ಬರಿಗೆ ಬದಲಿ ಸೈಟು ಕೊಟ್ಟಿತು. ಸೈಟು ಕೊಳ್ಳುವವರು ಪಹಣಿಯಲ್ಲಿ ನಿಲ್ಲದೆ ಹಳೇ ಗ್ರಾಮ ನಕಾಶೆ, ಆಕಾರ್‌ಬಂದ್ ಎರಡನ್ನೂ ತೆಗೆಸಿ ಖರಾಬು ಎಷ್ಟು, 'ಅ' ನೋ 'ಬ' ನೋ ಅಂತ ದಯವಿಟ್ಟು ನೋಡಿ. ಪಕ್ಕದ ಸರ್ವೆ ನಂಬರಿನ ಗೆರೆ ನಿಮ್ಮ ಎಲ್ಲೆಗೆ ಬಂದು ತಟ್ಟನೆ ನಿಂತಿದ್ದರೆ ಅಲ್ಲೇ ಅನುಮಾನ ಪಡಿ.

ಈಗಿನ ಸ್ಥಿತಿ

ದಾರಿ ತೆರೆದಿದೆ. ಟ್ರ್ಯಾಕ್ಟರ್ ಓಡುತ್ತಿದೆ, ಕಾಲೊನಿಯವರು ನೇರವಾಗಿ ಸ್ಮಶಾನಕ್ಕೆ ಹೋಗುತ್ತಿದ್ದಾರೆ. ಆದರೆ ಅದು ಈಗ ಲೇಔಟಿನ ಟಾರು ರಸ್ತೆ. ಮನೆಗಳು ಏಳುತ್ತಿವೆ. ಕುರಿ ಮಂದೆ ಬಂದರೆ ಗಲೀಜು ಅಂತ ಹೊಸದಾಗಿ ಬಂದವರು ಆಗಲೇ ಆಕ್ಷೇಪ ಎತ್ತಿದ್ದಾರೆ. ಆ ಮನೆಗಳು ತುಂಬಿದ ಮೇಲೆ ದನ ಕುರಿಗೆ ಈ ದಾರಿ ಉಳಿಯುತ್ತದಾ ಅನ್ನುವ ಚಿಂತೆ ಕುರಿಗಾಹಿಗಳಿಗಿದೆ, ನನಗೂ ಇದೆ.

ಪಂಚಾಯಿತಿ ಒಂದು ಒಳ್ಳೆಯ ಕೆಲಸ ಮಾಡಿತು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಊರಿನ ನಕಾಶೆಯಲ್ಲಿ ಇರುವ ಎಲ್ಲ ಬಂಡಿದಾರಿ, ಕಾಲುದಾರಿಗಳನ್ನು ಪಟ್ಟಿ ಮಾಡಿತು. ಪ್ರತಿ ದಾರಿಗೂ ಮೂಲ ಟಿಪ್ಪಣಿಯ ದೃಢೀಕೃತ ನಕಲು ತೆಗೆಸಿ ಕಡತದಲ್ಲಿ ಇಟ್ಟಿದೆ. ಉದ್ದ ಎಷ್ಟು ಚೈನು, ಅಗಲ ಎಷ್ಟು ಆಣೆ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ 'ಬ' ಖರಾಬು, ಎಲ್ಲ ಬರೆದಿದ್ದಾರೆ. ಪಟ್ಟಿಯ ಒಂದು ಪ್ರತಿ ಕಾಲೊನಿಯ ಮಹಿಳಾ ಸಂಘದ ಹತ್ತಿರವೂ ಇದೆ.

ಒಂದು ಕೆಲಸ ಬಾಕಿ ಇದೆ. ಕಚೇರಿಯ ಕಾಗದದ ನಕಾಶೆ ಸರಿಹೋಗಿದೆ. ಅದರ ಸ್ಕ್ಯಾನ್ ಪ್ರತಿ ಮಾತ್ರ ಹಳೆಯದೇ ಉಳಿದಿದೆ, ದಾರಿ ತುಂಡಾಗಿರುವ 2016ರ ತಿದ್ದುಪಡಿಯದು. ಡೌನ್‌ಲೋಡ್ ಮಾ​ಡಿದವರಿಗೆ ಸಿಗುವುದು ಅದೇ. ಆದೇಶದ ಪ್ರತಿ ಲಗತ್ತಿಸಿ ಅದನ್ನು ಬದಲಿಸಲು ಪಂಚಾಯಿತಿ ಅರ್ಜಿ ಕೊಟ್ಟಿದೆ.